ತಮ್ಮ ಕಾಲವನ್ನು ಅರಿತ ಹಕ್ಕಿಗಳು

ಧ್ಯಾನಕ್ಕೆ ಆಧಾರ: ಯೆರೆಮೀಯ ೮ನೆಯ ಅಧ್ಯಾಯ, ೭ನೆಯ ವಚನ



ಮೇಲೆ ಹೇಳಿದ ವಚನವನ್ನು ನಿಮ್ಮಲ್ಲಿ ಓದಬಲ್ಲವರು ಸತ್ಯವೇದವನ್ನು ತೆರೆದು ಮನೆಯವರೆಲ್ಲರಿಗೂ ಕೇಳಿಸುವಂತೆ ಒಂದಾವರ್ತಿ ಓದಿರಿ. ಪ್ರವಾದಿಯು ಅಲ್ಲಿ ನಾಲ್ಕು ಜಾತಿಯ ಹಕ್ಕಿಗಳನ್ನು ಹೆಸರಿಸಿ, ಅವು ತಾವು ಬರತಕ್ಕ ಕಾಲವನ್ನೂ ಹೋಗತಕ್ಕ ಕಾಲವನ್ನೂ ತಪ್ಪದೆ ನಡಿಸುತ್ತವೆಂದೂ, ದೇವರ ಜನರೆನಿಸಿಕೊಂಡವರಾದರೋ ತಮ್ಮ ದೇವರ ನಿಯಮವೇನೆಂಬದನ್ನು ಅರಿಯದೆ ಹೋದರೆಂದೂ ದೂರು ಹೇಳುತ್ತಾನೆ. ಈ ವಚನವನ್ನು ಹಿಡಿದು ಹಕ್ಕಿಗಳ ಅಂದಚಂದವನ್ನು ವರ್ಣಿಸಿ ಮುಗಿಸಿಬಿಡುವ ಪ್ರಸಂಗಗಳನ್ನು ನಾವು ಕೇಳಿದ್ದೇವೆ. ಯೆರೆಮೀಯನು ಹಕ್ಕಿಗಳನ್ನು ಹೊಗಳುವದಕ್ಕೆ ಬಾಯಿ ತೆರೆದವನಲ್ಲ. ನ್ಯಾಯಸ್ಥಾನದಲ್ಲಿ ಸಾಕ್ಷಿಗಳನ್ನು ಕರೆದು ನಿಲ್ಲಿಸುವ ವಕೀಲನಂತೆ ಅವುಗಳನ್ನು ಕರೆದು ತನ್ನ ಜನರಿಗೆ ಎದುರಾಗಿ ನಿಲ್ಲಿಸಿದನು.

ಆ ಸಾಕ್ಷಿಗಳನ್ನು ಅವನು ದೂರದಿಂದ ತರಬೇಕಾಗಿರಲಿಲ್ಲ. ಅವನು ಹುಟ್ಟಿದ ಅನಾತೋತೆಂಬ ಹಳ್ಳಿಯು ಯೆರೂಸಲೇಮಿಗೆ ಸಮೀಪವಾಗಿದೆ. ಯುರೋಪು ಖಂಡದಿಂದ ಆಫ್ರಿಕಾ ಖಂಡಕ್ಕೆ ಹೋಗಿಬರುವ ಹಕ್ಕಿಗಳಿಗೆ ಪಲೆಸ್ತೀನ ದೇಶವು ಹೆದ್ದಾರಿಯಂತಿರುವದು. ವಸಂತದಲ್ಲಿಯೂ ಶರತ್ಕಾಲದಲ್ಲಿಯೂ ದೊಡ್ಡ ಬಿಳಿ ಕೊಕ್ಕರೆಗಳು ಲಕ್ಷಗಟ್ಟಲೆಯಾಗಿ ಯೊರ್ದನ್ ಹೊಳೆಯ ತಗ್ಗಿನ ಮೇಲೆ ಸುತ್ತು ಸುತ್ತಾಗಿ ಏರಿ ಸಾಗುವದನ್ನು ಈಗಲೂ ಆ ದೇಶದವರು ಕಾಣುತ್ತಾರೆ. ತಲೆಯೆತ್ತಿ ನೋಡಿದವನಿಗೆಲ್ಲಾ ಕಾಣುವ ಸಂಗತಿಯನ್ನೇ ಪ್ರವಾದಿಯು ಹೇಳಿದನು.

ನಮಗೂ ಅಂಥಾ ಸಾಕ್ಷಿಗಳು ಬಹಳ ದೂರದಲ್ಲಿಲ್ಲ. ಮಂಗಳೂರಿನಿಂದ ದಕ್ಷಿಣಕ್ಕೆ ಹೋಗುವ ರೈಲು ಕಲ್ಲಿಕೋಟೆಯನ್ನು ಬಿಟ್ಟು, ಫೆರೋಕಿನಲ್ಲಿ ಚಾಲಿಯಾರ್ ಹೊಳೆಯನ್ನು ದಾಟಿ, ಸ್ವಲ್ಪ ಹೊತ್ತಿನಲ್ಲಿಯೇ ಕಡಲುಂಡಿ ಹೊಳೆಯ ಸೇತುವೆಗೆ ಬರುವದು. ಈ ಹೆಸರನ್ನು ಕೇಳಿದರೆ ನಮ್ಮ ಸೀಮೆಯ ಹಿರಿಯರಿಗೆ ಮೊದಲು ನೆನಪಾಗುವದು ೨೦೦೧ನೆಯ ಇಸವಿ ಜೂನ್ ೨೨ರ ಸಂಜೆಯೇ. ಆ ದಿನ ಮಂಗಳೂರಿನಿಂದ ಚೆನ್ನೈಗೆ ಹೊರಟ ಮೈಲ್ ಗಾಡಿಯ ಡಬ್ಬಿಗಳು ಸೇತುವೆಯಿಂದ ಹೊಳೆಗೆ ಬಿದ್ದು ಐವತ್ತಕ್ಕೂ ಮಿಕ್ಕಿ ಜನರು ಪ್ರಾಣ ಕಳಕೊಂಡರು. ಆ ಹೊಳೆಯೇ ಮುಂದೆ ಸ್ವಲ್ಪ ದೂರ ಹರಿದು ಸಮುದ್ರವನ್ನು ಸೇರುವ ಅಳಿವೆಯಲ್ಲಿ ಕೆಸರು ದಿಬ್ಬಗಳೂ ಮರಳು ದಿಣ್ಣೆಗಳೂ ಕಾಂಡ್ಲ ಗಿಡಗಳ ಪೊದೆಗಳೂ ಇವೆ. ಕಲ್ಲಿಕೋಟೆ ಜಿಲ್ಲೆಯ ಕಡಲುಂಡಿ, ಮಲಪ್ಪುರಂ ಜಿಲ್ಲೆಯ ವಳ್ಳಿಕ್ಕುನ್ನು ಎಂಬ ಎರಡು ಪಂಚಾಯತುಗಳಿಗೆ ಸೇರಿದ ಸುಮಾರು ೧೫೦ ಹೆಕ್ಟೇರು ಸ್ಥಳವನ್ನು ಕೇರಳ ಸರಕಾರವು ೨೦೦೭ನೆಯ ಇಸವಿಯಲ್ಲಿ ಸಮುದಾಯ ಸಂರಕ್ಷಿತ ಪ್ರದೇಶವೆಂದು ಸಾರಿತು. ಆ ರಾಜ್ಯದಲ್ಲಿ ಇಂಥಾದ್ದು ಇದೇ ಮೊದಲನೆಯದು. ೧೯೭೨ನೆಯ ಇಸವಿಯ ವನ್ಯಜೀವಿ ಕಾನೂನಿಗೆ ೨೦೦೨ರಲ್ಲಿ ಮಾಡಿದ ತಿದ್ದುಪಡಿಯಿಂದ ಈ ಏರ್ಪಾಡು ಹುಟ್ಟಿತು. ಊರವರು ತಾವಾಗಿ ಒಪ್ಪಿ, ತಮ್ಮ ನೆಲದಲ್ಲಿರುವ ಜೀವಿಗಳನ್ನು ಕಾಯುವದಕ್ಕೆ ತಮ್ಮನ್ನೇ ಕಟ್ಟುಪಾಡಿಗೆ ಒಳಪಡಿಸಿಕೊಳ್ಳುವದು ಅದರ ಸಾರ. ಜನರನ್ನು ಹೊರಡಿಸಿ ಬೇಲಿ ಹಾಕುವ ಪದ್ಧತಿ ಅಲ್ಲಿಲ್ಲ.

ಮಳೆಗಾಲವು ಇಳಿಮುಖವಾಗಿ, ಹೊಳೆಯ ಕೆಂಪು ನೀರು ತಿಳಿಯಾಗುವ ಸಮಯಕ್ಕೆ ಹಕ್ಕಿಗಳು ಬರತೊಡಗುತ್ತವೆ. ಆಗಸ್ಟ್ ಕೊನೆಯಲ್ಲಿ ಕೆಲವು, ಸೆಪ್ಟೆಂಬರಿನಲ್ಲಿ ಗುಂಪುಗಳು, ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ದಿಣ್ಣೆಯೇ ಎದ್ದು ಹಾರಿತೋ ಎನ್ನುವಷ್ಟು. ಗದ್ದೆಯ ಬೆಳ್ಳಕ್ಕಿಯನ್ನೂ ಟಿಟ್ಟಿಭವನ್ನೂ ನೀವು ಬಲ್ಲಿರಿ. ಇವು ಅವುಗಳ ದೂರದ ನೆಂಟರು, ಕೆಸರುನೀರಿನಲ್ಲಿ ನಡೆದಾಡಿ ಹೊಟ್ಟೆ ಹೊರೆಯುವ ಹಕ್ಕಿಗಳು. ಇವುಗಳಲ್ಲಿ ಹಲವಕ್ಕೆ ನಮ್ಮವರು ಬೇರೆ ಬೇರೆ ಹೆಸರಿಟ್ಟು ಕರೆಯುವ ರೂಢಿಯಿಲ್ಲ. ಆದಕಾರಣ ಇಂಗ್ಲಿಷರ ಹೆಸರುಗಳನ್ನೇ ಹೇಳಬೇಕಾಗಿದೆ. ಕರ್ಲ್ಯೂ ಎಂಬ ದೊಡ್ಡ ಹಕ್ಕಿಯ ಕೊಕ್ಕು ಅರ್ಧ ಗೇಣಿಗಿಂತ ಉದ್ದವಾಗಿ, ಕುಡುಗೋಲಿನಂತೆ ಕೆಳಕ್ಕೆ ಬಾಗಿದೆ. ಅದು ಆಳದಲ್ಲಿ ಅಡಗಿದ ಹುಳವನ್ನೂ ಏಡಿಯನ್ನೂ ಎಳೆದು ತೆಗೆಯುವದು. ಟೆರೆಕ್ ಎಂಬದರ ಕೊಕ್ಕು ಮೇಲಕ್ಕೆ ಬಾಗಿದೆ, ಅದು ಓಡುತ್ತಾ ಹೆಕ್ಕುವದು. ಕೆಂಪು ಕಾಲಿನ ರೆಡ್‌ಶ್ಯಾಂಕ್ ಮಧ್ಯದ ಆಳವನ್ನು ತಡವುವದು. ಚಿಕ್ಕ ಪ್ಲವರ್ ಹಕ್ಕಿಗೆ ಕೊಕ್ಕು ಗಿಡ್ಡ, ಕಣ್ಣು ದೊಡ್ಡದು. ಅದು ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಂತು, ಕೆಸರಿನ ಮೇಲ್ಗಡೆ ಅಲುಗಿದ್ದನ್ನು ಕುಕ್ಕುವದು. ಒಂದೇ ಕೆಸರಿನಲ್ಲಿ ಬೇರೆ ಬೇರೆ ಆಳದಲ್ಲಿ ಇಷ್ಟು ಪಂಕ್ತಿಗಳು ಕೂತು ಉಣ್ಣುತ್ತವೆ. ಜಗಳ ಇಲ್ಲವೆಂದು ಹೇಳಲಾರೆವು, ಏಡಿಯನ್ನು ಕಸಕೊಳ್ಳುವದನ್ನು ನಾವು ನೋಡಿದ್ದೇವೆ. ಆದರೆ ಒಬ್ಬನ ಊಟದಿಂದ ಇನ್ನೊಬ್ಬನ ಎಲೆ ಬರಿದಾಗದಂತೆ ಸೃಷ್ಟಿಕರ್ತನು ಬಡಿಸಿದ್ದಾನೆ.

ಈ ಚಿಕ್ಕ ಪ್ಲವರಿನ ತೂಕ ಒಂದು ಕೋಳಿಮೊಟ್ಟೆಯಷ್ಟು. ಅದು ಗೂಡು ಕಟ್ಟುವದು ಟಿಬೆಟ್, ಲಡಾಖ್ ಮೊದಲಾದ ಎತ್ತರದ ನಾಡುಗಳಲ್ಲಿ. ಅಲ್ಲಿಂದ ಹಿಮಾಲಯವನ್ನು ದಾಟಿ ನಮ್ಮ ಕರಾವಳಿಯ ಬೆಚ್ಚಗಿನ ಕೆಸರಿಗೆ ಬರುವದು. ಟೆರೆಕ್ ಬರುವದು ರಷ್ಯಾ ದೇಶದ ಉತ್ತರದಿಂದ. ದೂರ ಹಾರುವ ಇಂಥಾ ಹಕ್ಕಿಗಳು ಹೊರಡುವದಕ್ಕೆ ಮುಂಚೆ ತಿಂದು ತಿಂದು ಕೊಬ್ಬನ್ನು ಕೂಡಿಸಿಕೊಳ್ಳುತ್ತವೆ. ಇವುಗಳ ಬಳಗಕ್ಕೆ ಸೇರಿದ ಗಾಡ್ವಿಟ್ ಎಂಬ ಹಕ್ಕಿಯಲ್ಲಿ ಪ್ರಯಾಣಕ್ಕೆ ಮೊದಲು ಜಠರವೂ ಕರುಳೂ ಕುಗ್ಗಿ ಚಿಕ್ಕದಾಗುತ್ತವೆಂದು ಪರೀಕ್ಷಿಸಿದವರು ಕಂಡಿದ್ದಾರೆ. ದಾರಿಯಲ್ಲಿ ಊಟವಿಲ್ಲದಿರುವಾಗ ಊಟದ ಪಾತ್ರೆಯನ್ನು ಹೊರುವದು ಯಾಕೆ?

ಇನ್ನು ಅವುಗಳ ದಿನಚರಿಯನ್ನು ಕೇಳಿರಿ. ಗಡಿಯಾರ ಹಿಡಿದು ಹೋದವನಿಗೆ ಅದು ತಿಳಿಯದು. ಇಂದು ಬೆಳಿಗ್ಗೆ ಏಳು ಗಂಟೆಗೆ ಉಣ್ಣುತ್ತಿದ್ದ ಹಕ್ಕಿಗಳು ಒಂದು ವಾರ ಕಳೆದ ಮೇಲೆ ಅದೇ ಏಳು ಗಂಟೆಗೆ ಒಂಟಿಕಾಲಿನಲ್ಲಿ ನಿದ್ರಿಸುತ್ತವೆ. ಯಾಕಂದರೆ ನೀರಿನ ಏರಿಳಿತವು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುವದು. ಇಳಿತವಾದಾಗ ಉಣ್ಣಬೇಕು, ಭರತವಾದಾಗ ವಿಶ್ರಮಿಸಬೇಕು. ಮಧ್ಯರಾತ್ರಿಯಲ್ಲಿ ಇಳಿತವಾದರೆ ಮಧ್ಯರಾತ್ರಿಯಲ್ಲಿಯೇ ಏಳಬೇಕು. ಚಂದ್ರನನ್ನು ನೇಮಿಸಿದವನು ಎಳೆದ ಗೆರೆಗೆ ಅವು ಬದ್ಧವಾಗಿವೆ. ನಮ್ಮಲ್ಲಿ ಮೀನು ಹಿಡಿಯುವವರಿಗೂ ಚಿಪ್ಪು ಹೆಕ್ಕುವ ಹೆಂಗಸರಿಗೂ ಈ ವಿದ್ಯೆಯನ್ನು ಕಲಿಸಬೇಕಾಗಿಲ್ಲ.

ಹಾಗಾದರೆ ಯೆರೆಮೀಯನ ಜನರು ಯಾವ ಕಾಲವನ್ನು ತಪ್ಪಿದರು? ಇಲ್ಲಿ ಅನೇಕರು ಎಡವುತ್ತಾರೆ. ಹಬ್ಬದ ದಿನಗಳನ್ನು ಅವರು ಮರೆತಿರಲಿಲ್ಲ. ದೇವಾಲಯವು ತುಂಬಿಯೇ ಇತ್ತು. ಇದಕ್ಕೆ ಹಿಂದಿನ ಅಧ್ಯಾಯವನ್ನು ಓದಿದರೆ, ಅವರು ಆ ದೇವಾಲಯದ ಹೆಸರನ್ನೇ ಜಪದಂತೆ ಹೇಳಿಕೊಂಡು ನಿಶ್ಚಿಂತರಾಗಿದ್ದರೆಂದು ಕಾಣುವದು. ಅದೇ ಜನರು ಪರದೇಶಿಯನ್ನೂ ತಾಯಿತಂದೆಯಿಲ್ಲದವರನ್ನೂ ವಿಧವೆಯನ್ನೂ ಹಿಂಸಿಸುತ್ತಿದ್ದರು. ಚಿಕ್ಕವರು ಮೊದಲುಗೊಂಡು ದೊಡ್ಡವರ ತನಕ ಲಾಭಕ್ಕೆ ಬಾಯಿ ಬಿಡುವವರಾಗಿದ್ದರೆಂದು ನಮ್ಮ ಅಧ್ಯಾಯದ ೧೦ನೆಯ ವಚನವು ತೋರಿಸುತ್ತದೆ. ಪ್ರಿಯರೇ, ಆದಿತ್ಯವಾರದ ಗಂಟೆಗೆ ನಾವು ತಪ್ಪದೆ ಬರುತ್ತೇವೆ. ಸಂತೋಷ. ಆದರೆ ಶನಿವಾರ ಸಂಜೆ ಕೊಡತಕ್ಕ ಕೂಲಿಯನ್ನು ಬರುವ ವಾರಕ್ಕೆ ದೂಡಿ, ಮರುದಿನ ಕಾಣಿಕೆಯ ಚೀಲಕ್ಕೆ ನೋಟು ಹಾಕುವವನು ಕಾಲವನ್ನು ಅರಿತವನೋ? ಅಣ್ಣನು ತೀರಿಹೋದ ಮೇಲೆ ಅತ್ತಿಗೆಗೂ ಅವಳ ಮಕ್ಕಳಿಗೂ ಸಲ್ಲತಕ್ಕ ಜಾಗದ ಪಾಲನ್ನು ಇಂದು ನಾಳೆಯೆಂದು ಹತ್ತು ವರುಷ ಎಳೆದವನು ಸಭಾಹಿರಿಯರ ಬೆಂಚಿನಲ್ಲಿ ಕೂತಿರುವದು ನಮ್ಮ ಸೀಮೆಯಲ್ಲಿ ಕಾಣದ ಸಂಗತಿಯೋ? ಮೋಶೆಯ ಧರ್ಮಶಾಸ್ತ್ರವು ಕೂಲಿಯವನ ಕೂಲಿಗೆ ಸೂರ್ಯಾಸ್ತಮಾನವನ್ನೇ ಗಡುವಾಗಿ ಇಟ್ಟಿತು. ಕೆಸರಿನ ಮೇಲೆ ನೀರು ಏರುವಂತೆ ಆ ಗಡುವೂ ದಿನದಿನವೂ ಬರುವದು. ನಾವೋ ಅದನ್ನು ನೋಡದವರಂತೆ ದಾಟಿಹೋಗುತ್ತೇವೆ.

ಮತ್ತೊಂದು ಸಂಗತಿಯನ್ನು ಹೇಳಬೇಕು. ಅದು ನಮ್ಮನ್ನು ಬಹಳವಾಗಿ ತಟ್ಟಿತು. ಉತ್ತರ ದೇಶಗಳಿಂದ ಬರುವ ಈ ಹಕ್ಕಿಗಳ ಅನೇಕ ಜಾತಿಗಳಲ್ಲಿ ತಾಯಿತಂದೆಗಳು ಮೊದಲು ಹೊರಟುಬಿಡುತ್ತವೆ. ಮರಿಗಳು ರೆಕ್ಕೆ ಬಲಿಯುವ ತನಕ ಅಲ್ಲೇ ಉಳಿದು, ವಾರಗಳು ಕಳೆದ ಮೇಲೆ, ಎಂದೂ ನೋಡದ ದೇಶಕ್ಕೆ ದಾರಿ ತೋರಿಸುವವರಿಲ್ಲದೆ ಹೊರಡುತ್ತವೆ. ಅಕ್ಟೋಬರಿನಲ್ಲಿ ಕಡಲುಂಡಿಯ ದಿಣ್ಣೆಯ ಮೇಲೆ ಗರಿಗರಿಗೂ ತೆಳುವಾದ ಬಿಳಿ ಅಂಚು ಇಟ್ಟಂತೆ ಹೊಸದಾಗಿ ಕಾಣುವ ಹಕ್ಕಿಗಳನ್ನು ಕಂಡರೆ ಅವು ಆ ವರುಷದ ಮರಿಗಳೆಂದು ತಿಳಿಯಿರಿ. ಸೂರ್ಯನೂ ನಕ್ಷತ್ರಗಳೂ ಭೂಮಿಯ ಕಾಂತಶಕ್ತಿಯೂ ಅವುಗಳಿಗೆ ದಿಕ್ಕು ಹೇಳುತ್ತವೆಂದೂ, ಹೋಗತಕ್ಕ ದಿಕ್ಕು ಹುಟ್ಟಿನಿಂದಲೇ ಅವುಗಳೊಳಗೆ ಇದೆಯೆಂದೂ ಪಂಡಿತರು ಹೇಳುತ್ತಾರೆ. ಅದನ್ನು ಕೇಳಿ ನಾವು ಅಂಜಬೇಕಾಗಿಲ್ಲ. ಗಿಡುಗನು ದಕ್ಷಿಣಕ್ಕೆ ರೆಕ್ಕೆ ಚಾಚುವದು ನಿನ್ನ ಬುದ್ಧಿಯಿಂದಲೋ ಎಂದು ಯೋಬನಿಗೆ ಬಂದ ಪ್ರಶ್ನೆಯು ಇದರಿಂದ ಮತ್ತೂ ದೊಡ್ಡದಾಗುವದೇ ಹೊರತು ಸಣ್ಣದಾಗದು. ೨೦೨೨ನೆಯ ಇಸವಿಯಲ್ಲಿ ಅಲಾಸ್ಕಾ ದೇಶದಲ್ಲಿ, ಐದು ತಿಂಗಳಷ್ಟೇ ತುಂಬಿದ್ದ ಒಂದು ಗಾಡ್ವಿಟ್ ಮರಿಯ ಮೈಗೆ ಚಿಕ್ಕ ಯಂತ್ರವನ್ನು ಕಟ್ಟಿ ಬಿಟ್ಟರು. ಅದು ಅಕ್ಟೋಬರ್ ೧೩ರಂದು ಹೊರಟು, ಎಲ್ಲಿಯೂ ಇಳಿಯದೆ, ಹನ್ನೊಂದು ದಿನ ಹಗಲಿರುಳು ಸಮುದ್ರದ ಮೇಲೆ ಹಾರಿ, ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ಇಳಿಯಿತು. ದಾರಿಯ ಉದ್ದ ೧೩,೫೬೦ ಕಿಲೋಮೀಟರು.

ಬೊಂಬಾಯಿಗೂ ಬೆಂಗಳೂರಿಗೂ ಅರಬ್ಬಿ ದೇಶಗಳಿಗೂ ಮಕ್ಕಳನ್ನು ಕಳುಹಿಸಿ, ಅಂಗಳದಲ್ಲಿ ಕೂತು ದಾರಿ ನೋಡುವ ತಾಯಿತಂದೆಗಳು ನಮ್ಮ ಸಭೆಗಳಲ್ಲಿ ಎಷ್ಟೋ ಮಂದಿ. ನೀವು ಕೈಹಿಡಿದು ನಡಿಸಲಾರದ ದಾರಿಯಲ್ಲಿ ಅವರು ಹೋದರು. ಅವರೊಳಗೆ ಯಾವ ದಿಕ್ಕನ್ನು ಇಟ್ಟು ಕಳುಹಿಸಿದಿರಿ? ಸಂಜೆಯ ಕುಟುಂಬ ಪ್ರಾರ್ಥನೆ, ಅಳತೆಯಲ್ಲಿ ಮೋಸ ಮಾಡದ ತಂದೆ, ಸುಳ್ಳು ಹೇಳದ ತಾಯಿ, ಇವು ಹುಡುಗನು ಊರಲ್ಲಿರುವಾಗ ಕಾಣದಂತೆ ಒಳಗೆ ಇಳಿಯುತ್ತವೆ. ಹೊರಟ ಮೇಲೆ ಫೋನಿನಲ್ಲಿ ಹೇಳುವ ಬುದ್ಧಿಮಾತುಗಳು ಅಷ್ಟಾಗಿ ತಾಗವು. ಇದು ನಮ್ಮ ಅಭಿಪ್ರಾಯ.

ಇಷ್ಟು ಹೇಳಿ ನಿಲ್ಲಿಸಿದರೆ ಕೇಳುವದಕ್ಕೆ ಇಂಪಾಗಿರುವದು, ಆದರೆ ಸತ್ಯದ ಅರ್ಧಭಾಗವನ್ನು ಬಚ್ಚಿಟ್ಟಂತಾಗುವದು. ಹೊರಟ ಮರಿಗಳೆಲ್ಲಾ ಸೇರುವದಿಲ್ಲ. ಬಿರುಗಾಳಿಗೆ ಸಿಕ್ಕಿದವು, ಕೊಬ್ಬು ಸಾಲದೆ ಸಮುದ್ರಕ್ಕೆ ಬಿದ್ದವು, ಡೇಗೆಯ ಬಾಯಿಗೆ ಬಿದ್ದವು ಬಹಳ. ಈ ಜಾತಿಯ ಹಕ್ಕಿಗಳು ನೀರಿನ ಮೇಲೆ ಕೂತು ದಣಿವಾರಿಸಲಾರವು. ಈ ಹಕ್ಕಿಗಳ ಮಾತನ್ನು ನಾವು ಒಂದು ಕರಾವಳಿ ಸಭೆಯಲ್ಲಿ ಹೇಳಿ ಮುಗಿಸಿದ ಮೇಲೆ ಒಬ್ಬ ತಾಯಿಯು ಹಿಂದೆ ಉಳಿದುಕೊಂಡು, "ಅಯ್ಯನವರೇ, ಹಕ್ಕಿಯನ್ನು ಕಾಯುವ ದೇವರು ನನ್ನ ಮಗನನ್ನು ಯಾಕೆ ಕಾಯಲಿಲ್ಲ?" ಎಂದು ಕೇಳಿದಳು. ಅವಳ ಮಗನು ಬಲೆಯ ದೋಣಿಯಲ್ಲಿ ಹೋದವನು ತಿರುಗಿ ಬರಲಿಲ್ಲ.

ಆ ಪ್ರಶ್ನೆಗೆ ಕೈಯಲ್ಲಿ ಸಿದ್ಧವಾದ ಉತ್ತರವನ್ನು ಇಟ್ಟುಕೊಂಡು ಹಳ್ಳಿಹಳ್ಳಿ ತಿರುಗುವವನು ಒಳ್ಳೆಯ ಕುರುಬನಲ್ಲ. ಗಾಯವನ್ನು ಮೇಲೆ ಮೇಲೆ ಸವರಿ ಎಲ್ಲಾ ಸಮಾಧಾನವೆಂದು ಹೇಳುವವರನ್ನು ಯೆರೆಮೀಯನು ಗದರಿಸಿದ್ದು ಇದೇ ಎಂಟನೆಯ ಅಧ್ಯಾಯದಲ್ಲಿ, ಹಕ್ಕಿಗಳ ವಚನಕ್ಕೆ ನಾಲ್ಕೇ ವಚನಗಳ ಮುಂದೆ. ಅವನೇ ಸ್ವತಃ ತನ್ನ ಜನರಲ್ಲಿ ಹತರಾದವರಿಗಾಗಿ ಹಗಲಿರುಳು ಅಳುವಷ್ಟು ಕಣ್ಣೀರು ಬೇಕೆಂದು ಬಯಸಿದನು. ನಮ್ಮ ಕರ್ತನು ಗುಬ್ಬಿಗಳ ವಿಷಯ ಹೇಳಿದ ಮಾತನ್ನು ಮತ್ತಾಯನ ಹತ್ತನೆಯ ಅಧ್ಯಾಯದಲ್ಲಿ ನಿಧಾನವಾಗಿ ಓದಿ ನೋಡಿರಿ. ಗುಬ್ಬಿಯು ನೆಲಕ್ಕೆ ಬೀಳುವದಿಲ್ಲವೆಂದು ಅಲ್ಲಿ ಹೇಳಿಲ್ಲ. ಬೀಳುವದು. ಬೀಳುವ ಸ್ಥಳದಲ್ಲಿ ತಂದೆಯು ಇಲ್ಲದೆ ಇಲ್ಲ. ಹೀಗೆ ಹೇಳಿದವನು ತಾನೇ ಶಿಲುಬೆಯ ಮೇಲೆ ಕೈಬಿಡಲ್ಪಟ್ಟವನಂತೆ ಕೂಗಿ ಪ್ರಾಣ ಬಿಟ್ಟನು. ಇದಕ್ಕಿಂತ ಹೆಚ್ಚಾದದ್ದು ನಮ್ಮ ಹತ್ತಿರ ಇಲ್ಲ. ಆ ತಾಯಿಯ ಮನೆಗೆ ನಾವು ಹೋಗಿ ಬಂದೆವು, ಮತ್ತೂ ಹೋಗುವೆವು. ಸಭೆಯ ಹೆಂಗಸರೂ ವಾರಕ್ಕೊಮ್ಮೆ ಹೋಗಿ ಅವಳೊಂದಿಗೆ ಕೂತು ಬರುತ್ತಾರೆ, ಹೆಚ್ಚು ಮಾತಾಡುವದಿಲ್ಲ.

ಈಗ ಕಡಲುಂಡಿಯ ದುಃಖವನ್ನೂ ಹೇಳೋಣ. ಅಲ್ಲಿಗೆ ಬರುವ ಹಕ್ಕಿಗಳನ್ನು ವರುಷ ವರುಷ ಎಣಿಸಿದವರು, ಅನೇಕ ಜಾತಿಗಳ ಲೆಕ್ಕವು ಇಳಿಯುತ್ತಾ ಬಂದಿದೆಯೆಂದು ತೋರಿಸಿದ್ದಾರೆ. ಹುಳಗಳಿರುವ ಮೃದುವಾದ ಕೆಸರಿನ ಮೇಲೆ ಮರಳು ಬಂದು ಕೂತಿತು. ಇನ್ನೊಂದು ಕಡೆಯಿಂದ ಕಾಂಡ್ಲ ಗಿಡಗಳು ಕೆಸರನ್ನು ಆಕ್ರಮಿಸುತ್ತಾ ಬಂದವು. ಕಾಂಡ್ಲ ಗಿಡವು ಒಳ್ಳೆಯದೇ. ಅದು ದಡವನ್ನು ಕಾಯುವದು, ಮೀನಿನ ಮರಿಗೆ ಮನೆಯಾಗುವದು. ಆದರೆ ತೆರೆದ ಕೆಸರಿರಬೇಕಾದಲ್ಲಿ ಅದು ಬೆಳೆದರೆ ಹಕ್ಕಿಯ ಬಟ್ಟಲು ಮುಚ್ಚಿಹೋಗುವದು. ಟಿಬೆಟಿನಿಂದ ಬಂದ ಕೋಳಿಮೊಟ್ಟೆ ತೂಕದ ಹಕ್ಕಿಯು ತನ್ನ ಕಾಲಕ್ಕೆ ಸರಿಯಾಗಿ ಬಂದಿತು. ಕಾಲ ತಪ್ಪಲಿಲ್ಲ. ಎಲೆಯೇ ಇರಲಿಲ್ಲ. ಪ್ರವಾದಿಯಾದ ಹೋಶೇಯನು ತನ್ನ ನಾಲ್ಕನೆಯ ಅಧ್ಯಾಯದಲ್ಲಿ, ಮನುಷ್ಯರ ಸುಳ್ಳೂ ಕೊಲೆಯೂ ಕಳ್ಳತನವೂ ಹೆಚ್ಚಿದ್ದರಿಂದ ದೇಶವು ಪ್ರಲಾಪಿಸುವದೆಂದೂ ಆಕಾಶದ ಹಕ್ಕಿಗಳೂ ಸಮುದ್ರದ ಮೀನುಗಳೂ ಇಲ್ಲದೆ ಹೋಗುವವೆಂದೂ ತಿಳಿಸುತ್ತಾನೆ. ನಿಯಮವನ್ನು ಮೀರಿದವರು ಒಬ್ಬರು, ದಂಡ ತೆರುವವರು ಮತ್ತೊಬ್ಬರು. ಯೆರೆಮೀಯನ ಸಾಕ್ಷಿಗಳೇ ಈಗ ಫಿರ್ಯಾದಿಗಳಾಗಿ ನಿಂತಿವೆ.

ನಮ್ಮ ಹೊಳೆಗಳ ಅಳಿವೆಗಳಲ್ಲಿಯೂ ಕೆಸರು ಬಯಲುಗಳಿವೆ. ಅವುಗಳನ್ನು ಹಾಳು ಜಾಗವೆಂದು ಕರೆದು ಮಣ್ಣು ತುಂಬಿಸುವದಕ್ಕೂ ಕಸ ಸುರಿಯುವದಕ್ಕೂ ಮುಂದಾಗುವವರಿದ್ದಾರೆ. ಹಣದ ಅವಶ್ಯವಿರುವವನಿಗೆ ಹಕ್ಕಿಯ ಹೆಸರು ಹೇಳಿ ಬುದ್ಧಿ ಕಲಿಸುವದು ಸುಲಭ. ನಾವು ಹಾಗೆ ಮಾಡಲಾರೆವು, ಬಡವನ ಮಗಳ ಶಾಲೆಯ ಫೀಸು ನಿಜವಾದ ಸಂಗತಿಯಾಗಿದೆ. ಆದರೂ ಆ ಕೆಸರಿನಲ್ಲಿ ಮಳಿಯನ್ನೂ ಏಡಿಯನ್ನೂ ಹೆಕ್ಕಿ ಸಂಜೆಯ ಗಂಜಿಗೆ ದಾರಿ ಮಾಡಿಕೊಳ್ಳುವ ವಿಧವೆಯು ಹಕ್ಕಿಯ ಪಕ್ಕದಲ್ಲಿಯೇ ಬಗ್ಗಿ ನಿಂತಿದ್ದಾಳೆಂಬದನ್ನು ಮರೆಯಬೇಡಿರಿ. ಮಣ್ಣು ತುಂಬಿದ ದಿನ ಇಬ್ಬರೂ ಎದ್ದು ಹೋಗಬೇಕು. ಮಾರುವ ಮಾತು ಬಂದಾಗ ಅವಳನ್ನೂ ಕರೆದು ಕೂರಿಸಿ ಕೇಳಿದ ಊರನ್ನು ನಾವು ಇನ್ನೂ ಕಂಡಿಲ್ಲ.

ಉರುಳಿನ ವಿಷಯವಾಗಿಯೂ ಒಂದು ಮಾತು. ಗದ್ದೆಯ ಬದುವಿನಲ್ಲಿಯೂ ಹೊಳೆಯ ದಂಡೆಯಲ್ಲಿಯೂ ಈ ಹಕ್ಕಿಗಳಿಗೆ ಉರುಳು ಒಡ್ಡುವ ಹುಡುಗರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅದು ಸರಕಾರದ ಕಾನೂನಿಗೆ ವಿರೋಧವಾದದ್ದೆಂಬದು ಒಂದು. ಧರ್ಮೋಪದೇಶಕಾಂಡದ ೨೨ನೆಯ ಅಧ್ಯಾಯದ ೬, ೭ನೆಯ ವಚನಗಳನ್ನು ತೆರೆಯಿರಿ. ದಾರಿಯಲ್ಲಿ ಗೂಡು ಸಿಕ್ಕಿದರೆ ತಾಯಿಹಕ್ಕಿಯನ್ನು ಹಿಡಿಯದೆ ಬಿಟ್ಟುಬಿಡಬೇಕೆಂಬ ಅಪ್ಪಣೆ ಅಲ್ಲಿದೆ. ಅದಕ್ಕೆ ಸೇರಿಸಿದ ವಾಗ್ದಾನವು ಯಾವದು ಗೊತ್ತೇ? ಒಳ್ಳೇದಾಗುವದು, ದೀರ್ಘಾಯುಷ್ಯವಾಗುವದು. ತಾಯಿತಂದೆಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಗೆ ಸೇರಿಸಿದ ವಾಗ್ದಾನವೂ ಅದೇ. ಅತಿ ದೊಡ್ಡ ಆಜ್ಞೆಗಳಲ್ಲಿ ಒಂದಕ್ಕೂ ಅತಿ ಚಿಕ್ಕದಾಗಿ ಕಾಣುವದಕ್ಕೂ ದೇವರು ಒಂದೇ ಬಹುಮಾನವನ್ನು ಇಟ್ಟನು. ಸಂಡೇ ಸ್ಕೂಲಿನ ಉಪಾಧ್ಯಾಯರು ಇದನ್ನು ಮಕ್ಕಳಿಗೆ ತೋರಿಸಿ, ಯಾಕಿರಬಹುದೆಂದು ಅವರನ್ನೇ ಕೇಳಲಿ. ಮಕ್ಕಳ ಉತ್ತರಗಳು ನಮ್ಮವುಗಳಿಗಿಂತ ಚೆನ್ನಾಗಿರುವವು.

ಮಕ್ಕಳನ್ನು ಅಳಿವೆಗೆ ಕರಕೊಂಡು ಹೋಗಬೇಕೆಂದಿರುವವರಿಗೆ ಇಷ್ಟು ತಿಳಿಸುತ್ತೇವೆ. ಪೂರ್ತಿ ಇಳಿತದಲ್ಲಿ ಹೋದರೆ ಹಕ್ಕಿಗಳು ದೂರದೂರಕ್ಕೆ ಚದರಿರುವವು. ನೀರು ಏರತೊಡಗಿದ ಮೇಲೆ ಹೋಗಿ ಕೂತರೆ, ಭರತವು ಅವುಗಳನ್ನು ಮೆಲ್ಲಗೆ ನಿಮ್ಮ ಕಡೆಗೆ ಅಟ್ಟಿಕೊಂಡು ಬರುವದು. ಸೂರ್ಯನು ಬೆನ್ನಿಗಿರಲಿ. ಊರ ನಾಯಿಯು ಹಿಂಬಾಲಿಸದಂತೆ ನೋಡಿಕೊಳ್ಳಿರಿ. ಅವು ದಿಣ್ಣೆಯ ಮೇಲೆ ಗಾಳಿಗೆ ಮುಖಮಾಡಿ ಒಂಟಿಕಾಲಿನಲ್ಲಿ ನಿಂತ ಮೇಲೆ ಕಲ್ಲೆಸೆಯಬಾರದು, ಚಪ್ಪಾಳೆ ತಟ್ಟಿ ಎಬ್ಬಿಸಲೂ ಬಾರದು. ಎದ್ದು ಹಾರಿದ ಪ್ರತಿ ಸಾರಿಯೂ ದೂರದ ದಾರಿಗೆಂದು ಕೂಡಿಸಿಟ್ಟ ಕೊಬ್ಬು ಸ್ವಲ್ಪ ಉರಿದುಹೋಗುವದು. ಬೇಸಿಗೆಯಲ್ಲಿ ದೊಡ್ಡವು ಉತ್ತರಕ್ಕೆ ಹಿಂದಿರುಗಿದ ಮೇಲೆಯೂ ಮೊದಲ ವರುಷದ ಮರಿಗಳಲ್ಲಿ ಕೆಲವು ಇಲ್ಲಿಯೇ ಉಳಿದು ಮಳೆಗಾಲವನ್ನು ಕಳೆಯುವದುಂಟು. ಜೂನ್ ತಿಂಗಳ ಗಾಳಿಮಳೆಯಲ್ಲಿ ದಿಣ್ಣೆಯ ಮೇಲೆ ಹತ್ತೋ ಹನ್ನೆರಡೋ ಬೂದು ಬಣ್ಣದ ಹಕ್ಕಿಗಳು ಕುಗ್ಗಿ ನಿಂತಿರುವದನ್ನು ಕಂಡರೆ, ರೋಗದಿಂದ ಹಿಂದುಳಿದವೆಂದು ತಿಳಿದು ಹಿಡಿಯಲು ಹೋಗಬೇಡಿರಿ. ಅವುಗಳ ಕಾಲವು ಇನ್ನೂ ಬಂದಿಲ್ಲ.